ಹನ್ನೊಂದನೆಯ ನಟ್ಟು

ನನಗೆ ಕೈಗುಣ ಇದೆ ಎಂದು ದೊಡ್ಡಬಳ್ಳಾಪುರದ ಸುತ್ತಮುತ್ತ ಜನ ನಂಬಿದ್ದರು. ವೈದ್ಯರಿಗೆ, ಸೂಲಗಿತ್ತಿಯರಿಗೆ ಹೇಳುವ ಮಾತು ಅದು. ಗ್ಯಾರೇಜಿನವನಿಗೆ ಯಾಕೆ ಅಂಟಿತೋ ಗೊತ್ತಿಲ್ಲ. ಮಗ್ಗದ ಮೋಟಾರು, ಟ್ರ್ಯಾಕ್ಟರು, ಬೋರ್‌ವೆಲ್ ಪೈಪು, ಕೊನೆಗೆ ಪಕ್ಕದ ಮನೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳ, ಯಾವುದು ಬಿಗಿದು ಕೂತರೂ ನನ್ನನ್ನೇ ಕರೆಯುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ನಾನೂ ಹೋಗುತ್ತಿದ್ದೆ.

ನಿಜ ಹೇಳಬೇಕೆಂದರೆ ಅದು ಬಲದ ಕೆಲಸವಲ್ಲ. ಪಾನಾ ಹಿಡಿದು ಎಳೆಯುವಾಗ ನಟ್ಟು ಬಿಡುತ್ತಿದೆಯೋ, ಬೋಲ್ಟೇ ತಿರುಚಿಕೊಳ್ಳುತ್ತಿದೆಯೋ ಎಂಬುದು ಬೆರಳ ತುದಿಗೆ ಗೊತ್ತಾಗಬೇಕು. ಬಿಡುವ ನಟ್ಟು ಮೊದಲು ಸಣ್ಣಗೆ ಅದುರುತ್ತದೆ. ತಿರುಚಿಕೊಳ್ಳುವ ಬೋಲ್ಟು ಹಸಿ ಮಣ್ಣಿನ ಹಾಗೆ ಮೆತ್ತಗೆ ಬರುತ್ತದೆ. ಆಗ ತಟ್ಟನೆ ನಿಲ್ಲಿಸಬೇಕು. ಹಾಗೆ ನಿಲ್ಲಿಸಲು ಗೊತ್ತಿದ್ದುದಕ್ಕೇ ನನಗೆ ಹೆಸರು ಬಂದದ್ದು.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬೆರಳಿಗೆ ಇಳಿಯಿತು. ಸುಡುವ ಟೀ ಲೋಟ ಹಿಡಿದು ಕೂತಿದ್ದೆ, ಬಿಸಿಯೇ ತಾಗಲಿಲ್ಲ. ಬೊಬ್ಬೆ ಎದ್ದದ್ದನ್ನು ಮೊದಲು ನೋಡಿದವಳು ಹೆಂಡತಿ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ, “ನರ ಸತ್ತೋಗಿದೆ ಅಂದವ್ರೆ ಡಾಕ್ಟ್ರು. ಇನ್ನಾದ್ರೂ ಗ್ಯಾರೇಜಿಗೆ ಬೀಗ ಹಾಕ್ರೀ,” ಅಂದಳು. ನಾನು ಬೀಗ ಹಾಕಲಿಲ್ಲ. ವಿಷಯ ಯಾರಿಗೂ ಹೇಳಬೇಡ ಎಂದು ಅವಳ ಬಾಯಿಗೇ ಬೀಗ ಹಾಕಿದೆ.

ಆಗ ಬಂದವನು ನನ್ನ ಸ್ಕೂಲಿನ ಗೆಳೆಯ. ದೊಡ್ಡಬೆಳವಂಗಲದ ಕಡೆ ಅವನ ದ್ರಾಕ್ಷಿ ತೋಟ. ಅಲ್ಲಿನ ಶೆಡ್ಡಿನಲ್ಲಿ ಇಂಗ್ಲೆಂಡಿನ ಒಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಬಟ್ಟೆಯ ಟಾಪು. ಅವನ ಅಣ್ಣ ಎಲ್ಲಿಂದಲೋ ತಂದು, ಭಾನುವಾರಗಳನ್ನೆಲ್ಲ ಅದರ ಕೆಳಗೆ ಕಳೆದು, ಒಂದು ಸಲವೂ ಸ್ಟಾರ್ಟ್ ಮಾಡಲಾಗದೆ ತೀರಿಕೊಂಡಿದ್ದರು. ಅದನ್ನು ಹೊರಗೆ ತೆಗೆದು, ಪಕ್ಕದಲ್ಲಿ ಅತ್ತಿಗೆಯನ್ನು ಕೂರಿಸಿಕೊಂಡು ಊರು ಒಂದು ಸುತ್ತು ಹಾಕಬೇಕೆಂಬುದು ಗೆಳೆಯನ ಆಸೆ. ಅಣ್ಣ ಹುಚ್ಚನಲ್ಲ ಎಂದು ಅತ್ತಿಗೆಗೆ ತೋರಿಸಬೇಕಿತ್ತು ಅವನಿಗೆ.

“ಇಂಥ ಗಾಡಿಗೇ ಅಂತ ಬೆಂಗಳೂರಲ್ಲಿ ಒಬ್ಬ ಮೆಕ್ಯಾನಿಕ್ ಅವ್ನಂತೆ,” ಅಂದ. “ಅವ್ನ್ಯಾವನೋ ಬೇಡ ಕಣೋ. ನೀನೇ ಕೈ ಹಾಕು.”

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಾಚಿಕೆಯಾಯಿತು. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಇಂಜಿನ್ ಜಾಮ್ ಆಗಿತ್ತು. ಒಳಗೆ ನೋಡಬೇಕಾದರೆ ಮೇಲಿನ ಹೆಡ್ಡು ಬಿಚ್ಚಬೇಕು; ಅದನ್ನು ಹನ್ನೊಂದು ನಟ್ಟುಗಳು ಹಿಡಿದಿದ್ದವು. ನಮ್ಮ ಎಂಎಂ ಪಾನಾ ಅವಕ್ಕೆ ಕೂರುವುದಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಬಿಟ್ಟುಹೋದ ಇಂಚಿನ ಪಾನಾಗಳನ್ನು ಹುಡುಕಿ ತಂದೆ. ಮೂರು ದಿನದಲ್ಲಿ ಹತ್ತು ನಟ್ಟು ಬಂದವು. ಹಿಂದಿನ ಮೂಲೆಯ ಹನ್ನೊಂದನೆಯದು ಜಪ್ಪಯ್ಯ ಅನ್ನಲಿಲ್ಲ. ಡೀಸೆಲ್ ಬಿಟ್ಟೆ, ಬೆಂಕಿ ಹಿಡಿದು ಕಾಯಿಸಿದೆ, ಸುತ್ತಿಗೆಯಲ್ಲಿ ತಟ್ಟಿದೆ, ಇಂಗ್ಲೆಂಡಿನವರ ವಂಶವನ್ನೆಲ್ಲ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕಥೆ.

ಗೆಳೆಯ ದಿನವೂ ಸಂಜೆ ತೋಟದಿಂದ ಬಂದು, “ಬಿಡ್ತೇನೋ?” ಎಂದು ಕೇಳುತ್ತಿದ್ದ.

“ಇಲ್ಲ ಕಣೋ.”

“ಬಿಡ್ತದೆ ಬಿಡು. ನಿನ್ನ ಕೈ ಅಲ್ವಾ.”

ಎಂಟನೆಯ ದಿನ ಪಾನಾದ ಹಿಡಿಗೆ ಎರಡು ಮೊಳದ ಪೈಪು ಸಿಕ್ಕಿಸಿದೆ. ಉದ್ದ ಪೈಪಿದ್ದರೆ ಬಲವಿಲ್ಲದವನೂ ಎಳೆಯಬಹುದು. ಗೆಳೆಯ ಇದ್ದ, ಮಜ್ಜಿಗೆ ತಂದ ಅತ್ತಿಗೆಯೂ ನಿಂತಿದ್ದರು. ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಪೈಪು ಮೆಲ್ಲಗೆ ಕೆಳಗಿಳಿಯಿತು.

“ಬಿಡ್ತು ಕಣೋ,” ಅಂದ ಗೆಳೆಯ.

ನಾನೂ ನಂಬಿದೆ. ನನ್ನ ಕೈ ಇನ್ನೂ ಇದೆ, ಡಾಕ್ಟರಿಗೇನು ಗೊತ್ತು ಅನ್ನಿಸಿ ಕಣ್ಣಲ್ಲಿ ನೀರು ಬಂತು. ಇನ್ನಷ್ಟು ಒತ್ತಿದೆ. ಅದು ಅದುರಿತ್ತೋ, ಮೆತ್ತಗೆ ಬಂದಿತ್ತೋ, ಬೆರಳಿಗೆ ಏನೂ ತಿಳಿಯಲಿಲ್ಲ.

ಟಪ್ ಎಂದಿತು. ನಟ್ಟು ಕೂತಿದ್ದ ಕಬ್ಬಿಣದ ಸ್ಟಡ್ಡು ಇಂಜಿನ್ನಿನ ಬ್ಲಾಕಿನ ಒಳಗೇ ತುಂಡಾಗಿತ್ತು. ಹೆಡ್ಡು ಎತ್ತಿದೆವು. ಮುರಿದ ಬುಡದಿಂದ ಪಕ್ಕದ ಸಿಲಿಂಡರಿನವರೆಗೆ ಬೀಡು ಕಬ್ಬಿಣದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅಂಥ ಜಾಗದಲ್ಲಿ ವೆಲ್ಡಿಂಗ್ ನಿಲ್ಲುವುದಿಲ್ಲ. ಇನ್ನೊಂದು ಬ್ಲಾಕು ತರಿಸುವುದು ಅವನ ಕೈಲಾಗುವ ಮಾತಲ್ಲ.

ಗೆಳೆಯ ಬಿರುಕಿನ ಮೇಲೆ ಉಗುರು ಆಡಿಸಿ ನೋಡಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಅತ್ತಿಗೆಯ ಕಡೆ ತಿರುಗಿದ.

“ಇವ್ನ ಕೈಲೇ ಆಗ್ಲಿಲ್ಲ ಅಂದ್ರೆ ಇನ್ಯಾರ ಕೈಲೂ ಆಗ್ತಿರ್ಲಿಲ್ಲ ಅತ್ತಿಗೆ. ಅಣ್ಣ ತಂದಾಗ್ಲೇ ಇದು ಸತ್ತೋಗಿತ್ತು. ಅವ್ನಿಗೆ ಗೊತ್ತಾಗ್ಲಿಲ್ಲ ಅಷ್ಟೇ.”

“ನಾನು ಅವತ್ತೇ ಹೇಳ್ದೆ. ಕೇಳಿದ್ರಾ ಅವ್ರು? ಹೆಣಕ್ಕೆ ಸೇವೆ ಮಾಡ್ತಾ ಆಯಸ್ಸು ಕಳ್ಕೊಂಡ್ರು,” ಎಂದು ಅತ್ತಿಗೆ ಮಜ್ಜಿಗೆಯ ಚೆಂಬು ಎತ್ತಿಕೊಂಡು ಮನೆಯ ಕಡೆ ಹೊರಟರು.

ನನ್ನ ಮುಂದೆ ಇಂಜಿನ್ ಬಾಯಿ ತೆರೆದುಕೊಂಡಿತ್ತು. ನಾಲ್ಕು ಪಿಸ್ಟನ್ನುಗಳಲ್ಲಿ ತುಕ್ಕು ಹಿಡಿದಿದ್ದದ್ದು ಒಂದಕ್ಕೆ ಮಾತ್ರ, ಅದನ್ನೂ ಒಂದು ವಾರದಲ್ಲಿ ಬಿಡಿಸಬಹುದಿತ್ತು. ಉಳಿದ ಮೂರರ ಮೇಲೆ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ಪ್ಲಗ್ಗಿನ ತೂತುಗಳಿಂದ ಅಣ್ಣ ವಾರವಾರವೂ ಹನಿಸಿಕೊಂಡು ಬಂದ ಎಣ್ಣೆ ಅದು. ಆ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಆ ಗಾಡಿ ಸತ್ತಿರಲಿಲ್ಲ, ಆ ಗಳಿಗೆಯವರೆಗೆ.

ಹೇಳಬೇಕೆಂದು ಬಾಯಿ ತೆರೆದೆ. ಅತ್ತಿಗೆ ಇನ್ನೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದರು. ಗೆಳೆಯ, “ನೀನು ಬೇಜಾರ್ ಮಾಡ್ಕೋಬೇಡ ಕಣೋ,” ಅಂದ. ನಾನು “ಹೂಂ” ಅಂದೆ.