ಒಂದು ತಾಸಿನ ಕೀಲಿ

ನಾರಾಯಣಪೇಟೆಯಲ್ಲಿ ದೇವೇಂದ್ರಪ್ಪನ ಮನೆ ಯಾವುದು ಅಂತ ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ‘ಕೀಲಿ ದೇವೇಂದ್ರಪ್ಪ’ ಅನ್ನಿ, ಬಾಗಿಲ ತನಕ ಬಿಟ್ಟು ಬರುತ್ತಾರೆ. ಸೀರೆ ವ್ಯಾಪಾರಿಗಳ ಸಂಘದ ದಫ್ತರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಆತ. ತೆಲಂಗಾಣ ಬಂದಾಗ ಸಂಘದ ಬೋರ್ಡು, ರಬ್ಬರ್ ಸ್ಟ್ಯಾಂಪು ಎಲ್ಲ ಬದಲಾದವು. ನಾರಾಯಣಪೇಟೆ ಜಿಲ್ಲೆಯಾದಾಗ ಮತ್ತೊಮ್ಮೆ ಬದಲಾದವು. ಅದೇ ಹುರುಪಿನಲ್ಲಿ ಕಪಾಟಿನ ಕಾಗದವನ್ನೆಲ್ಲ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನ ಬಾಡಿಗೆ ಕಪಾಟಿಗೆ, ಏರಿಸಿದರು. ಅದೂ ಒಂದೇ ಕಂಪನಿಯದಲ್ಲ. ಸೀರೆ ಅಂಚಿನ ಡಿಸೈನು ಒಂದು ಕಡೆ, ಆರ್ಡರು ಇನ್ನೊಂದು ಕಡೆ, ಫೋಟೋ ಮತ್ತೊಂದು ಕಡೆ. ಯಾಕೆ ಅಂದರೆ ಸಂಘದ ಮೂವರು ಹಿರಿಯರಿಗೆ ಮೂವರು ಅಳಿಯಂದಿರು, ಒಬ್ಬೊಬ್ಬ ಅಳಿಯ ಒಂದೊಂದು ಕಂಪನಿಯನ್ನು ಹೊಗಳಿದ್ದ.

ಮೂರಕ್ಕೂ ಕಾವಲು ದೇವೇಂದ್ರಪ್ಪ. ಹೈದರಾಬಾದಿನಲ್ಲಿ ತರಬೇತಿ ಮುಗಿಸಿ ಬಂದವನೇ ಹೊಸ ಕಾನೂನು ಮಾಡಿದ: ಯಾರಿಗೂ ಖಾಯಂ ಪಾಸ್‌ವರ್ಡ್ ಇಲ್ಲ. ಕೆಲಸ ಇದ್ದವರು ಕೇಳಬೇಕು. ಆ ಕೆಲಸಕ್ಕೆ ಬೇಕಾದ ಜಾಗವನ್ನಷ್ಟೇ ತೆರೆಯುವ, ಒಂದು ತಾಸಿಗೆ ತಾನಾಗಿ ಸತ್ತುಹೋಗುವ ಕೀಲಿ ಇವನು ಕೊಡುತ್ತಾನೆ. ಮಕ್ತಲ್ ಅಂಗಡಿಯ ಜಂಬಪ್ಪ ಆರ್ಡರ್ ನೋಡುತ್ತ ನೋಡುತ್ತ ಚಹಾಕ್ಕೆ ಹೋಗಿ ಬಂದರೆ ಬಾಗಿಲು ಮುಚ್ಚಿರುತ್ತಿತ್ತು.

“ಏನಪಾ ದೇವೇಂದ್ರಪ್ಪ, ಇದೇನ್ ಖಜಾನೆ ಐತೇನು?” ಅಂತ ಫೋನಿನಲ್ಲೇ ಬೈಯುತ್ತಿದ್ದ.

“ಖಜಾನೆ ಅಂತನ ತಿಳ್ಕೊಳ್ರಿ,” ಅಂತ ಇವನು ಮೀಸೆಯಡಿ ನಗುತ್ತಿದ್ದ. ಸಂಘದ ಅಧ್ಯಕ್ಷ ಅಂಜಯ್ಯನಿಗೂ ಒಂದು ತಾಸೇ. ಅಬ್ಬಾ, ಏನು ನಿಯತ್ತು!

ಒಂದು ವರ್ಷ ಅವನು ಕಾಯಬೇಕಾದದ್ದು ತನ್ನ ಮನೆಯ ಮಾಲೇ ಆಗಿತ್ತು. ಹೆಂಡತಿ ಬಸವೇಶ್ವರಿ ಮದುವೆಯಾದಾಗಿನಿಂದ ಸಂಘಕ್ಕೆ ಅಂಚು ಬರೆದುಕೊಡುತ್ತಿದ್ದಳು. ಸೀರೆಗಳು ಎಲ್ಲೆಲ್ಲಿಗೋ ಹೋದವು, ಅವಳ ಹೆಸರು ಮಾತ್ರ ಹೊಸ್ತಿಲು ದಾಟಲಿಲ್ಲ. ಈ ಸಲ ಅವಳು ಬಿಳಿಜೋಳದ ತೆನೆಯ ಅಂಚು ಬರೆದಳು. ಅಂಜಯ್ಯ ನೋಡಿ ಬೆರಗಾಗಿ, ಹೈದರಾಬಾದಿನ ಪ್ರದರ್ಶನಕ್ಕೆ ಇದನ್ನು ನಿನ್ನ ಹೆಸರಿನಲ್ಲೇ ಕಳಿಸುತ್ತೇನೆ ತಾಯಿ ಅಂದ. ಶರತ್ತು ಒಂದೇ: ಅಲ್ಲಿಯ ತನಕ ಆ ಅಂಚು ಯಾವ ಅಂಗಡಿಯಲ್ಲೂ ಕಾಣಬಾರದು.

“ಜ್ವಾಕಿ ಮಾಡ್ರಿ,” ಅಂದಳು ಗಂಡನಿಗೆ.

“ನನ್ನ ದಾಟಿ ಸೊಳ್ಳಿನೂ ಒಳಗ ಹೋಗೂದಿಲ್ಲ.”

ಸೊಳ್ಳೆ ಹೋಗಲಿಲ್ಲ, ನಿಜ. ಬೀಗರು ಹೋದರು.

ಮಗಳು ಶಿವಗಂಗಾಳನ್ನು ಗದ್ವಾಲದ ಮಾಳಿಂಗಪ್ಪನ ಮನೆಗೆ ಕೊಟ್ಟಿದ್ದರು. ಆತನಿಗೂ ಸೀರೆ ಅಂಗಡಿ, ಆತನೂ ಸಂಘದ ಸದಸ್ಯ. ಒಂದು ದಿನ ಆರ್ಡರ್ ನೋಡಬೇಕು ಅಂತ ಕೀಲಿ ಕೇಳಿದ. ದೇವೇಂದ್ರಪ್ಪ ಎಂದಿನಂತೆ ಕೊಟ್ಟ. ಮಾಳಿಂಗಪ್ಪ ಅಲ್ಲಿ ವ್ಯಾಪಾರಿಗಳನ್ನು ಕೂರಿಸಿಕೊಂಡು ‘ನೋಡ್ರಿ ನಮ್ಮ ಬೀಗರ ಕಾರುಬಾರು’ ಅಂತ ಮೆರೆಯುತ್ತಿರುವಾಗಲೇ ತಾಸು ಮುಗಿದು ಕಂಪ್ಯೂಟರ್ ಆತನನ್ನು ಹೊರಗೆ ಹಾಕಿತು. ಕೂತವರು ಗೊಳ್ಳೆಂದು ನಕ್ಕರು. ಸಂಜೆಗೆ ಶಿವಗಂಗಾಳ ಫೋನು ಬಂತು.

“ಅಪ್ಪಾ, ಏನ್ ಮಾಡೀರಿ ಇದು? ಮಾವಾರು ಊಟ ಬಿಟ್ಟು ಕುಂತಾರ. ಬೀಗರು ನಮ್ಮನ್ನ ತಾಸಿನ ಲೆಕ್ಕದಾಗ ಇಟ್ಟಾರ ಅಂತಾರ.”

ದೇವೇಂದ್ರಪ್ಪ ಫೋನು ಇಟ್ಟು ಕಂಪ್ಯೂಟರಿನ ಮುಂದೆ ಕೂತ. ಹೆಣ್ಣು ಕೊಟ್ಟವನು ಪಾಪ. ಬೀಗರು ಬಂದರೆ ಕಟ್ಟೆಯ ಮೇಲೆ ಕೂರಿಸಿ ಕಳಿಸುತ್ತಾರೆಯೇ? ಕೈಕಾಲಿಗೆ ನೀರು ಕೊಟ್ಟು, ಒಳಗೆ ಕರೆದು ತಾಟು ಹಾಕಬೇಕು. ಆರ್ಡರ್ ಒಂದನ್ನೇ ತೋರಿಸಿದರೆ ಕಟ್ಟೆಯ ಮೇಲೆ ಕೂರಿಸಿದ ಹಾಗೇ ಆಯಿತಲ್ಲ ಅಂತ ಯೋಚಿಸಿದ ಈ ಪುಣ್ಯಾತ್ಮ, ಮೂರೂ ಕ್ಲೌಡಿಗೆ ಎಂದೂ ಸಾಯದ ಕೀಲಿ ಮಾಡಿ, ‘ತಪ್ಪಾತ್ರಿ’ ಅಂತ ಬರೆದು ಕಳಿಸಿದ. ಅಧ್ಯಕ್ಷನಿಗೂ ಇಲ್ಲದ ಭಾಗ್ಯ! ಮಾಳಿಂಗಪ್ಪ ಅಂದು ಒಂದು ರೊಟ್ಟಿ ಹೆಚ್ಚಿಗೇ ತಿಂದನಂತೆ.

ಆಮೇಲೆ ದೇವೇಂದ್ರಪ್ಪನಿಗೆ ಹೆದರಿಕೆ ಶುರುವಾಯಿತು: ಹೆಂಡತಿಯ ಅಂಚೂ ಅದೇ ಕೀಲಿಗೆ ತೆರೆಯುತ್ತದಲ್ಲ! ಕೂತಲ್ಲೇ ಒಂದು ಗುಂಡಿ ಒತ್ತಿದ್ದರೆ ಆ ಕೀಲಿ ರದ್ದಾಗುತ್ತಿತ್ತು. ಆದರೆ ಬೀಗರಿಗೆ ಕೊಟ್ಟದ್ದನ್ನು ಕಸಿಯುವುದು ಹೇಗೆ? ನಮ್ಮ ಕಡೆ ಕೊಟ್ಟ ಸಾಮಾನನ್ನು ಬಾಯಿಬಿಟ್ಟು ವಾಪಸ್ ಕೇಳುವುದಿಲ್ಲ. ಅವರ ಮನೆಗೆ ಹೋಗಿ, ಚಹಾ ಕುಡಿದು, ಮಳೆ ಬೆಳೆ ಮಾತಾಡುತ್ತ, ಅವರಿಗೇ ನೆನಪಾಗುವ ತನಕ ಕೂರಬೇಕು. ಇವತ್ತು ನಾಳೆ ಅನ್ನುತ್ತ ಶ್ರಾವಣ ಕಳೆದ ಮೇಲೆ ದೇವೇಂದ್ರಪ್ಪ ಗದ್ವಾಲದ ಬಸ್ಸು ಹತ್ತಿದ.

ಅಂಗಡಿಯ ಮುಂದೆಯೇ, ಗಾಜಿನ ಹಿಂದೆ, ತೆನೆ ಅಂಚಿನ ಸೀರೆಗಳು ಸಾಲಾಗಿ ನೇತಾಡುತ್ತಿದ್ದವು.

“ಬರ್ರಿ ಬರ್ರಿ ಬೀಗರ!” ಮಾಳಿಂಗಪ್ಪ ಎದ್ದು ಬಂದ. “ಹೆಂಗೈತ್ರಿ ಮಾಲು? ನಿಮ್ಮ ಕ್ಲೌಡಿನ್ಯಾಗ ಸುಮ್ಮನ ಬಿದ್ದಿತ್ತು, ಮಗ್ಗಕ್ಕ ಹಾಕಿಸಿದೆ. ಆರ್ಡರ್ ಮ್ಯಾಲೆ ಆರ್ಡರ್!”

“ಅದು... ಬಸವೇಶ್ವರಿ ಬರೆದದ್ದ್ರಿ...”

“ಹಂಗಾದ್ರ ನಮ್ಮ ಮನೀದ ಆತಲ್ರಿ!” ಅಂತ ಮಾಳಿಂಗಪ್ಪ ಬೆನ್ನು ತಟ್ಟಿದ. ಆ ಮನುಷ್ಯನ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ಒಂದು ಸೀರೆ ಮಡಚಿ ಚೀಲಕ್ಕೆ ಹಾಕಿ, “ಬೀಗತಿಗೆ ನಮ್ಮ ಉಡುಗೊರಿ,” ಅಂದ. ದೇವೇಂದ್ರಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಥೂ! ನಾಲಿಗೆ ಎಲ್ಲಿಟ್ಟಿದ್ದನೋ.

ಬಸವೇಶ್ವರಿ ಸೀರೆ ಬಿಚ್ಚಿ, ಅಂಚಿನ ಒಂದೊಂದು ತೆನೆಯ ಮೇಲೂ ಬೆರಳಾಡಿಸಿದಳು. ಗಂಡ ನಡೆದದ್ದನ್ನೆಲ್ಲ ಹೇಳಿದ. ಅವಳು ಓಣಿಗೆಲ್ಲ ಕೇಳುವಂತೆ ಅತ್ತಳು. ಅಂಜಯ್ಯನೂ ಕೈ ಚೆಲ್ಲಿದ. ಗದ್ವಾಲದಲ್ಲಿ ಮಾರುತ್ತಿರುವುದನ್ನು ಹೊಸದು ಅಂತ ಕಳಿಸುವುದು ಹೇಗೆ? ಅವಳ ಹೆಸರು ಮತ್ತೆ ಮನೆಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಮುಖ ತೊಳೆದುಕೊಂಡು ಬಂದು ಗಂಡನ ಕಂಪ್ಯೂಟರಿನ ಮುಂದೆ ನಿಂತಳು.

“ಇನ್ನೊಂದು ಅಂಚು ತಲ್ಯಾಗ ಐತಿ. ಡಿಸೈನ್ ಇಡೂ ಜಾಗದ ಕೀಲಿ ನನಗ ಕೊಡ್ರಿ.”

ಇಷ್ಟು ವರ್ಷ ಅವಳಿಗೊಂದು ಕೀಲಿ ಬೇಕಾಗಬಹುದು ಅಂತ ಅವನಿಗೆ ಹೊಳೆದಿರಲೇ ಇಲ್ಲ. ಅವಳು ಬರೆಯುತ್ತಿದ್ದಳು, ಇವನು ಏರಿಸುತ್ತಿದ್ದ. ಕೂಡಲೇ ಒಪ್ಪಿ, ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ ಕೇಳಿಬಿಟ್ಟ.

“ಎಷ್ಟು ತಾಸಿಗೆ?”

ಬಸವೇಶ್ವರಿ ಅವನನ್ನೇ ನೋಡಿದಳು. “ಬೀಗರನ್ನೂ ಹಿಂಗ ಕೇಳಿದ್ರೇನ್ರಿ?”

ದೇವೇಂದ್ರಪ್ಪ ದೊಡ್ಡ ಕೀಲಿಯನ್ನೇ ಕೊಟ್ಟ, ಯಾರನ್ನು ಒಳಗೆ ಬಿಡಬೇಕು ಅನ್ನುವ ಅಧಿಕಾರದ ಸಮೇತ. ಅವಳು ಅವನನ್ನು ಎಬ್ಬಿಸಿ ಕುರ್ಚಿಯಲ್ಲಿ ತಾನು ಕೂತಳು. ಮೊದಲು ಮಾಳಿಂಗಪ್ಪನ ಹೆಸರು ಅಳಿಸಿದಳು.

“ಅಯ್ಯೋ, ಮಗಳ ಗತಿ?” ಅಂದ ಇವನು.

“ಮಗಳಿಗೆ ಆಗಲೇ ಫೋನ್ ಮಾಡೀನಿ. ಅಳಿಸು ಅಂತ ಅಕಿನ ಅಂದಾಳ.”

ಡಿಸೈನಿನ ಕೀಲಿ ಕೇಳಬಹುದಾದವರ ಪಟ್ಟಿಯಿಂದ ಉಳಿದವರ ಹೆಸರುಗಳೂ ಹೋದವು. ಕೊನೆಗೆ ದೇವೇಂದ್ರಪ್ಪನದು ಬಂದಾಗ ಅವಳ ಬೆರಳು ನಿಂತಿತು.

“ನಿಮಗ ಎಷ್ಟು ತಾಸು ಬೇಕ್ರಿ?”

“ಒಂದು ಸಾಕು,” ಅಂದ.

ಅರ್ಧ ತಾಸಿಗೆ ಕೊಟ್ಟಳು.