ಪತ್ರಾಸಿನಡಿಯ ಬಾಣಂತಿ ಕೋಣೆ

ಅಫಜಲಪುರದಲ್ಲಿ ನನ್ನ ಅತ್ತೆಯ ಮನೆಗೆ ಒಂದು ಹಾಲ್ ಇದೆ. ಅಲ್ಲಿ ಕೂರುವುದಕ್ಕೆ ಯೋಗ್ಯತೆ ಬೇಕು. ದೊಡ್ಡ ಅಧಿಕಾರಿಗಳು ಕೂತಿದ್ದಾರೆ, ಮಠದ ಸ್ವಾಮಿಗಳು ಕೂತಿದ್ದಾರೆ, ಕಬ್ಬಿನ ವ್ಯವಹಾರಕ್ಕೆ ಬಂದವರು ಕೂತು ಗೋಡಂಬಿ ತಿಂದು ಹೋಗಿದ್ದಾರೆ. ಮನೆಯವರು ಮಾತ್ರ ಕೂತಿಲ್ಲ. ಅಂಗಡಿಯವನು ಸೋಫಾಕ್ಕೆ ಹೊದಿಸಿ ಕಳಿಸಿದ ಪ್ಲಾಸ್ಟಿಕ್ ಹಾಳೆಯನ್ನು ಇವತ್ತಿಗೂ ತೆಗೆದಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕೂತ ಅತಿಥಿ ಏಳುವಾಗ ಚರ್ರೆಂದು ಸದ್ದಾಗುತ್ತದೆ. ಅತಿಥಿ ಮುಖ ಕೆಂಪಗೆ ಮಾಡಿಕೊಳ್ಳುತ್ತಾನೆ, ಮನೆಯವರು ಕೇಳಿಸದ ಹಾಗೆ ನಟಿಸುತ್ತಾರೆ. ಶೋಕೇಸಿನಲ್ಲಿ ಪಿಂಗಾಣಿ ಬಾತುಕೋಳಿಗಳು, ಪ್ಲಾಸ್ಟಿಕ್ ದ್ರಾಕ್ಷಿ, ಯಾರೂ ಚಹಾ ಕುಡಿಯದ ಚಹಾದ ಸೆಟ್ಟು. ತಲೆಯ ಮೇಲೆ ಬಿಳಿ ಪಿಒಪಿಯ ಹೂವು, ಅದರೊಳಗೆ ನೇರಳೆ ಬಣ್ಣದ ದೀಪ. ಆ ದೀಪ ಹಾಕಿದರೆ ಎಂಥ ಆರೋಗ್ಯವಂತನೂ ರೋಗಿಷ್ಠನ ಹಾಗೆ ಕಾಣುತ್ತಾನೆ.

ಮನೆಯ ಜನ ಬದುಕುವುದು ಹಿಂದಿನ ಪಡಸಾಲೆಯಲ್ಲಿ, ಗೋಣಿಚೀಲದ ಮೇಲೆ. ರೊಟ್ಟಿ ಅಲ್ಲೇ, ಜಗಳ ಅಲ್ಲೇ, ಮೆಣಸಿನಕಾಯಿ ತೊಟ್ಟು ಬಿಡಿಸುವುದೂ ಅಲ್ಲೇ. ಮದುವೆಯಾಗಿ ಹೋದ ಹೊಸತರಲ್ಲಿ ನಾನು ಅರಿಯದೆ ಹಾಲ್‌ನ ಸೋಫಾದ ಮೇಲೆ ಕಾಲು ಮಡಚಿಕೊಂಡು ಪುಸ್ತಕ ಓದುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಯಾರರ ಬರೋರು ಇದ್ದಾರೇನವ್ವಾ?" ಎಂದರು. ಇಲ್ಲ ಎಂದೆ. "ಮತ್ತ ಯಾಕ ಕುಂತೀದಿ?" ಎಂದರು. ನಾನು ಪುಸ್ತಕ ಎತ್ತಿಕೊಂಡು ಹಿಂದಿನ ಗೋಣಿಚೀಲಕ್ಕೆ ಹೋದೆ.

ಪುಣ್ಯಕ್ಕೆ ನಾನೂ ನನ್ನ ಗಂಡನೂ ಜೇವರ್ಗಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ನಾನು ಅಲ್ಲಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಅವನದು ಗೊಬ್ಬರದ ಅಂಗಡಿ. ಹಾಲ್‌ನ ದರ್ಶನ ಹಬ್ಬ ಹುಣ್ಣಿಮೆಗೆ ಮಾತ್ರ. ನಾನು ಬಸಿರಾದಾಗ ಸಮಸ್ಯೆ ಶುರುವಾಯಿತು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ನನ್ನ ತವರು ಆಳಂದದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ: ಎರಡು ಕೋಣೆ, ಮೇಲೆ ಪತ್ರಾಸು, ಅಂದರೆ ತಗಡಿನ ಮಾಡು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದಳು, ಈಗಲೂ ಅದೇ ಕೆಲಸ. ಸುದ್ದಿ ತಿಳಿದ ವಾರದಲ್ಲೇ ಅತ್ತೆ ಫೋನು ಮಾಡಿದರು.

"ಹೆರಿಗಿ ಬ್ಯಾಸಗ್ಯಾಗ ಬರ್ತದ. ಆ ಪತ್ರಾಸಿನಾಗ ನನ್ನ ಮೊಮ್ಮಗ ಹಪ್ಪಳ ಆಗ್ತದ. ನಾ ಬಂದು ಮನಿ ನೋಡ್ತೇನಿ. ಛಲೋ ಅನಿಸಿದ್ರ ಅಲ್ಲಿ, ಇಲ್ಲಂದ್ರ ಇಲ್ಲಿ."

ಮೊಮ್ಮಗ ಎಂದು ಅವರೇ ತೀರ್ಮಾನಿಸಿದ್ದರು, ಅದು ಬೇರೆ ಮಾತು. ನನ್ನ ಗಂಡ ಅವರ ಮುಂದೆ "ಹೂಂ" ಎಂದ, ನನ್ನ ಮುಂದೂ "ಹೂಂ" ಎಂದ. ಗೊಬ್ಬರದ ಅಂಗಡಿಯಲ್ಲಿ ಇಷ್ಟು ಸಮನಾಗಿ ತೂಗಿದ್ದರೆ ಗಿರಾಕಿಗಳು ಪೂಜೆ ಮಾಡುತ್ತಿದ್ದರು.

ಅಫಜಲಪುರದಲ್ಲಿ ಬಾಣಂತನವೆಂದರೆ ಏನೆಂದು ನನಗೆ ಗೊತ್ತಿತ್ತು. ಹಿತ್ತಲ ಕಡೆಯ ಜೋಳದ ಚೀಲದ ಕೋಣೆ, ಬಂದುಹೋಗುವ ನೆಂಟರೆಲ್ಲರ ಸಲಹೆ, ಮತ್ತು ನನ್ನ ಅವ್ವ ಒಂದು ಮಧ್ಯಾಹ್ನ ಬೀಗಿತಿಯಾಗಿ ಬಂದು ಚಹಾ ಕುಡಿದು ಮೊಮ್ಮಗುವನ್ನು ಮುಟ್ಟಿ ಬಸ್ಸು ಹಿಡಿಯುವುದು. ನನಗೆ ಹೆರಿಗೆಯ ಭಯವಿತ್ತು. ಆ ಹೊತ್ತಿನಲ್ಲಿ ನನಗೆ ನನ್ನ ಅವ್ವ ಬೇಕಿತ್ತು, ಅಷ್ಟೇ. ಅವ್ವನಿಗೋ, ಚೊಚ್ಚಲ ಬಾಣಂತನ ಮಾಡಲಾಗದ ತವರು ತವರೇ ಅಲ್ಲ. ಓಣಿಯ ಹೆಂಗಸರು ಅದನ್ನು ಅವಳ ಹೆಣ ಎತ್ತುವ ದಿನವೂ ನೆನೆಸುತ್ತಾರೆ.

ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಆಳಂದಕ್ಕೆ ಬಂದೆ. ಬಾಗಿಲು ತೆರೆದವಳು ಹಾಗೇ ನಿಂತೆ. ಎದುರು ಗೋಡೆಯ ಮೇಲೆ ಜಲಪಾತ ಧುಮುಕುತ್ತಿತ್ತು.

ಅವ್ವನಿಗೆ ಒಬ್ಬ ತಂಗಿ ಇದ್ದಾಳೆ, ನನ್ನ ಚಿಕ್ಕವ್ವ. ಅವಳು ಫೋನಿನಲ್ಲಿ ವಿಡಿಯೋ ನೋಡುತ್ತಾಳೆ. ಕಡಿಮೆ ಖರ್ಚಿನಲ್ಲಿ ಮನೆಯನ್ನು ಅರಮನೆ ಮಾಡುವ ವಿಡಿಯೋಗಳು. ಹಸಿರು ಕಿಟಕಿಯಾಚೆ ಮಂಜು ಬೀಳುತ್ತಿರುವ ಯಾವುದೋ ಊರಿನ ಹೆಂಗಸು ಉಣ್ಣೆಯ ಹೊದಿಕೆಯನ್ನು ಕುರ್ಚಿಯ ಮೇಲೆ ಓರೆಯಾಗಿ ಎಸೆದು, ನೋಡಿ ಎಷ್ಟು ಹಿತವಾಗಿದೆ ಎನ್ನುತ್ತಾಳೆ. ಅದನ್ನು ನಂಬಿ ನನ್ನ ಚಿಕ್ಕವ್ವ ಆಳಂದದ ಪತ್ರಾಸಿನ ಕೆಳಗೆ ಗುಂಜು ಗುಂಜಾದ ಚಾದರ ತಂದು ಹಾಸಿದ್ದಳು. ಜಲಪಾತದ ಸ್ಟಿಕ್ಕರು, ಮೊಳೆಯಿಂದ ಮೊಳೆಗೆ ಹಬ್ಬಿದ ಪ್ಲಾಸ್ಟಿಕ್ ಬಳ್ಳಿ, ಬಣ್ಣ ಬಳಿದ ಎಣ್ಣೆ ಬಾಟಲಿಗಳು, ಥರ್ಮಾಕೋಲಿನ ಚಿಟ್ಟೆಗಳು, ಹೃದಯದ ಆಕಾರದ ದಿಂಬು. ನೆಲದ ಫರಸಿ ಕಲ್ಲು, ಬರಿಗಾಲಿಟ್ಟರೆ ಜೀವ ತಣ್ಣಗಾಗುವ ಕಲ್ಲು, ಅದರ ಮೇಲೆ ಸೀಮೆಎಣ್ಣೆ ವಾಸನೆಯ ಪ್ಲಾಸ್ಟಿಕ್ ಹಾಸು. ಗಾಳಿ ಬರುವ ಒಂದೇ ಕಿಟಕಿಗೆ ಮಿರಿಮಿರಿ ಮಿಂಚುವ ಪರದೆ. ಒಳಗೆ ಹೋದ ಕೂಡಲೇ ಬೆವರು ಇಳಿಯಿತು.

"ಹ್ಯಾಂಗದ ಬೇ?" ಎಂದು ಚಿಕ್ಕವ್ವ ಸ್ವಿಚ್ಚು ಒತ್ತಿದಳು. ನೇರಳೆ ದೀಪ ಮಿಣುಕಿತು. ಅದೇ ನೇರಳೆ. ಅಫಜಲಪುರವೇ ಬಸ್ಸು ಹತ್ತಿ ನನಗಿಂತ ಮೊದಲು ಬಂದು ಕೂತಿತ್ತು.

"ಇಲ್ಲಿ ಯಾರು ಮಕ್ಕೊಳ್ಳೋರು, ನಾನೋ ನಮ್ಮ ಅತ್ತಿನೋ?" ಎಂದೆ.

ಅವ್ವ ಸಿಟ್ಟಾದಳು. "ನೋಡಾಕ ಬರಾಕಿ ಅಕಿನೇ ಅಲ್ಲ? ಅಕಿಗಿ ಒಪ್ಪಿಗಿ ಆದ್ರ ನೀ ಇಲ್ಲಿರ್ತಿ. ಇಲ್ಲಂದ್ರ ನಿನ್ನ ಕರ್ಕೊಂಡು ಹೋಗ್ತಾಳ. ನಾ ಏನ್ ಮಾಡ್ಲಿ, ಹೇಳು."

"ಯವ್ವಾ, ಈ ಬಳ್ಳಿ ನೋಡಿ ಅಕಿ ನಗ್ತಾಳ. ಅಕಿ ಮನ್ಯಾಗ ಇದಕ್ಕಿಂತ ದೊಡ್ಡ ಬಳ್ಳಿ ಅದ."

ಅವ್ವ ಹಾಸ್ಟೆಲಿನ ಒಲೆಯ ಮುಂದೆ ಬೆಂದು ಗಳಿಸಿದ್ದನ್ನು ಥರ್ಮಾಕೋಲಿನ ಚಿಟ್ಟೆಗೆ ಹಾಕಿದ್ದಳು. ನನಗೆ ಅಳು ಬಂತು, ಅಳುವುದಕ್ಕಿಂತ ಬೈಯುವುದು ನನಗೆ ಸುಲಭ, ಹಾಗಾಗಿ ಚಿಕ್ಕವ್ವನನ್ನು, ಅವಳ ಫೋನನ್ನು, ಮಂಜು ಬೀಳುವ ಊರಿನ ಆ ಹೆಂಗಸನ್ನು ಸೇರಿಸಿ ಬೈದೆ. ಚಿಕ್ಕವ್ವ ದಿಂಬನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ಅದು ಈಗ ಅವಳ ಟಿವಿಯ ಪಕ್ಕದಲ್ಲಿ ಕೂತಿದೆ, ಇನ್ನೂ ಯಾರೂ ತಲೆಯಿಟ್ಟಿಲ್ಲ.

ಮರುದಿನ ಸರಸಂಬಾದ ಸೋದರಮಾವನಿಗೆ ಫೋನು ಮಾಡಿದೆ. ತೊಗರಿ ರಾಶಿ ಮುಗಿದು ಅವನ ಹೊಲದ ಬದುವಿನಲ್ಲಿ ತೊಗರಿ ಕಟ್ಟಿಗೆ ಬಿದ್ದಿತ್ತು. ಅವನು ಟ್ರ್ಯಾಕ್ಟರಿನಲ್ಲಿ ಕಟ್ಟಿಗೆಯನ್ನೂ ಜೋಳದ ಒಣದಂಟಿನ ಕಣಿಕೆಯನ್ನೂ ಹೇರಿಕೊಂಡು ಬಂದು ಪತ್ರಾಸಿನ ಮೇಲೆ ದಪ್ಪಗೆ ಹಾಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದು ಕಲ್ಲು ಹೇರಿದ. ನಮ್ಮ ಅಜ್ಜನ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಪಕ್ಕದವರು ಸ್ಲ್ಯಾಬು ಹಾಕಿಸಿದ ಮೇಲೆ ಇದು ಬಡತನದ ಗುರುತಾಯಿತು, ಆಮೇಲೆ ಎಲ್ಲರೂ ಮರ್ಯಾದೆಯಿಂದ ಬೇಯತೊಡಗಿದರು.

"ಬೀಗಿತಿ ನೋಡಿದ್ರ ದನದ ಕೊಟಗಿ ಅಂತಾಳ," ಎಂದು ಅವ್ವ ಅಂಗಳದಲ್ಲಿ ನಿಂತು ತಲೆ ಚಚ್ಚಿಕೊಂಡಳು.

"ಅನ್ಲಿ. ದನಾನೂ ತಂಪಿದ್ದಲ್ಲೇ ಮಲಗ್ತಾವ."

ಜಲಪಾತವನ್ನು ಕಿತ್ತೆವು. ಅದು ಹೋಗುವಾಗ ಗೋಡೆಯ ಗಾರೆಯನ್ನೂ ಕಿತ್ತುಕೊಂಡು ಹೋಯಿತು. ಮಾವ ಗಾರೆ ಮೆತ್ತಿ, ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ಬಳಿದ. ಪ್ಲಾಸ್ಟಿಕ್ ಹಾಸನ್ನು ಎತ್ತಿ ಫರಸಿ ತೊಳೆದೆವು. ಕಿಟಕಿಗೆ ಗೋಣಿತಟ್ಟು ಕಟ್ಟಿ, ಹೊತ್ತೇರಿದ ಕೂಡಲೇ ನೀರು ಚಿಮುಕಿಸಿದರೆ ಸಾಕು, ಹೊರಗಿನ ಬಿಸಿಗಾಳಿ ಒಳಗೆ ಬರುವಷ್ಟರಲ್ಲಿ ಬುದ್ಧಿ ಕಲಿತಿರುತ್ತಿತ್ತು. ಹಿತ್ತಲಲ್ಲಿ ಗೋಡೆಗೆ ಒರಗಿದ್ದ ಅಪ್ಪನ ಹೊರಸನ್ನು ತಂದು ಪುಂಡಿ ನಾರಿನ ಹಗ್ಗದಿಂದ ಹೊಸದಾಗಿ ಹೆಣೆಸಿದೆವು. ಹೊರಸಿನ ಮಂಚಕ್ಕೆ ಒಂದು ಗುಣವಿದೆ, ಬೆನ್ನ ಕೆಳಗೂ ಗಾಳಿ ಆಡುತ್ತದೆ. ಬಾಣಂತಿ ಬೆಚ್ಚಗಿರಬೇಕು ಎಂದು ಓಣಿಯ ಹಿರಿಯರು ಬಂದು ಎಚ್ಚರಿಸಿದರು. ಆಳಂದದ ಬೇಸಿಗೆಯಲ್ಲಿ ಬಿಸಿಯನ್ನು ಯಾರೂ ಕೊಂಡು ತರಬೇಕಾಗಿಲ್ಲ ಎಂದು ಹೇಳಿ ಕಳಿಸಿದೆ.

ಕೂಸಿಗೆ ಹೊಸ ಬಟ್ಟೆ ಹಾಕುವಂತಿಲ್ಲ, ತೊಟ್ಟಿಲ ದಿನದವರೆಗೂ ಹಳೆಯದೇ ಆಗಬೇಕು. ಅದೂ ತುಂಬಿದ ಮನೆಯ ಮುದುಕಿ ಉಟ್ಟು ಸವೆಸಿದ್ದು. ಬಡವರಿಗೆ ಅನುಕೂಲವಾಗುವ ಇಂಥ ಶಾಸ್ತ್ರ ಬಹಳ ಇಲ್ಲ, ಇದೊಂದನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ಅವ್ವ ಓಣಿಯ ತುದಿಯ ಮುದುಕಿಯ ಹತ್ತಿರ ಇಳಕಲ್ಲ ಸೀರೆಯೊಂದನ್ನು ಕೇಳಿ ತಂದಳು. ಮುದುಕಿ ಪದವಿ ಕೊಟ್ಟವರ ಹಾಗೆ ಬೀಗಿದಳಂತೆ. ಅದರಲ್ಲಿ ಕೂಸಿನ ಬಟ್ಟೆ ಹರಿದಿಟ್ಟು, ಅವ್ವ ತನ್ನ ಹಳೆ ಸೀರೆಗಳಿಂದ ತೆಳ್ಳಗಿನ ಕೌದಿ ಹೊಲಿದಳು. ಬೀಗಿತಿ ಒಪ್ಪುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು, ಮತ್ತು ತಪ್ಪು ನನ್ನದೆಂದೂ ಖಾತ್ರಿಯಾಗಿತ್ತು.

ಅತ್ತೆ ಬಂದದ್ದು ಉರಿಬಿಸಿಲಿನಲ್ಲಿ, ಕಾರಿನಲ್ಲಿ. ಇಳಿದವರೇ ಮೇಲೆ ನೋಡಿದರು.

"ಏನ್ರಿ ಬೀಗಿತ್ಯಾರ, ಮನಿ ಮ್ಯಾಲೆ ಬಣವಿ ಒಟ್ಟೀರಿ?"

ಅವ್ವ ನೆಲ ನೋಡಿದಳು. ನಾನು, "ತಂಪಿಗೆ ಅತ್ತಿ," ಎಂದೆ.

"ತಂಪಿಗೆ ಜನ ಎಸಿ ಹಾಕಸ್ತಾರ," ಎಂದು ಒಳಗೆ ಬಂದರು. ಅವರ ಮನೆಯ ಎಸಿ ಹಾಲ್‌ನಲ್ಲಿದೆ. ಅದರ ರಿಮೋಟು ಕಪಾಟಿನಲ್ಲಿ, ಕಪಾಟಿನ ಕೀಲಿ ನನ್ನ ಮಾವನವರ ಕೊರಳ ಲಿಂಗದಷ್ಟೇ ಭದ್ರವಾಗಿ ಅವರ ಅಂಗಿಯೊಳಗೆ. ಅತ್ತೆ ಗೋಡೆಗೆ ಬೆರಳು ಒತ್ತಿ, ಅಂಟಿದ ಸುಣ್ಣವನ್ನು ನಮಗೆ ತೋರಿಸಿದರು. ಗೋಣಿತಟ್ಟಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಕೂಸಿನ ಹಳೆ ಬಟ್ಟೆಯನ್ನು ಮೂಸಿ ನೋಡಿದರು. ಪ್ರತಿಯೊಂದಕ್ಕೂ ಒಂದೊಂದು "ಹ್ಞೂಂ". ಅವ್ವ ಉಸಿರು ಹಿಡಿದು ನಿಂತಿದ್ದಳು, ನನ್ನ ಹೊಟ್ಟೆಯೊಳಗಿನದೂ ಒದೆಯುವುದನ್ನು ನಿಲ್ಲಿಸಿತ್ತು.

ಅವ್ವ ಚಹಾಕ್ಕೆ ಹೋದಳು. ಅತ್ತೆ ಹೊರಸಿನ ಹಗ್ಗವನ್ನು ಒತ್ತಿ ನೋಡಿ ಅದರ ಮೇಲೆ ಕೂತರು. "ಕಾರಿನಾಗ ಕಾಲ ಹಿಡದಾವ. ಒಂಚೂರು ಚಾಚ್ತೇನಿ," ಎಂದರು. ಚಾಚಿದರು. ನಾನು ಮೆಣಸಿನಷ್ಟು ಖಾರದ ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಒಂದನ್ನಾದರೂ ಬಳಸಬೇಕೆಂದು ತಿರುಗಿದರೆ ಅವರು ಗೊರಕೆ ಹೊಡೆಯುತ್ತಿದ್ದರು.

ಅವ್ವ ಚಹಾ ತಂದು ಬಾಗಿಲಲ್ಲೇ ಗಾಬರಿಯಾದಳು. "ಎಬ್ಬಸ್ಲೇನು?"

"ಬ್ಯಾಡ. ಮಕ್ಕೊಳ್ಳಲಿ."

ಚಹಾ ಆರಿತು, ಕೆನೆಗಟ್ಟಿತು. ನಾವಿಬ್ಬರೂ ಹೊಸ್ತಿಲಾಚೆ ಕೂತು ಕಾಯ್ದೆವು. ಕಾರಿನ ಡ್ರೈವರು ಬಂದು ಇಣುಕಿದ, ಅವನನ್ನು ಬಸ್ ಸ್ಟ್ಯಾಂಡಿಗೆ ತಿರುಗಾಡಲು ಕಳಿಸಿದೆವು. ಕರೆಂಟು ಹೋಗಿ ಬಂತು, ಅತ್ತೆ ಮಗ್ಗುಲು ಬದಲಿಸಿ ಕೌದಿಯನ್ನು ಗಲ್ಲಕ್ಕೆ ಎಳೆದುಕೊಂಡರು. ಬಾಯಿ ಅರೆ ತೆರೆದಿತ್ತು, ಸೆರಗು ಎಲ್ಲೋ ಹೋಗಿತ್ತು. ಅಷ್ಟು ವರ್ಷಗಳಲ್ಲಿ ಅವರು ಹಗಲು ಹೊತ್ತು ನೆಲಕ್ಕೆ ಬೆನ್ನು ಹಚ್ಚಿದ್ದನ್ನು ನಾನು ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಆ ಮನೆಗೆ ಯಾವ ಹೊತ್ತಿಗೂ ಯಾರಾದರೂ ಬರುತ್ತಾರೆ, ಯಜಮಾನಿ ಮಲಗಿರುವುದನ್ನು ಅವರು ನೋಡಬಾರದು.

ಬಿಸಿಲು ಇಳಿದ ಮೇಲೆ ಎಚ್ಚರವಾಯಿತು. ಧಡಕ್ಕನೆ ಎದ್ದು ಕೂತು ಸೆರಗು ತಡಕಾಡಿದರು. ಮುಖದಲ್ಲಿ ಶುದ್ಧ ಹೆದರಿಕೆ. "ಯಾರರ ಬಂದಿದ್ರೇನು?" ಎಂದರು.

"ಯಾರೂ ಇಲ್ರಿ," ಎಂದಳು ಅವ್ವ.

ಮುಖ ತೊಳೆದು, ಹೊಸ ಚಹಾ ಕುಡಿದು, ಕುಂಕುಮ ಸರಿ ಮಾಡಿಕೊಂಡು, ಅತ್ತೆ ಮತ್ತೆ ಅತ್ತೆಯಾದರು. "ಬಾಣಂತನ ಇಲ್ಲೇ ಆಗ್ಲಿ ತಗೋರಿ. ನಮ್ಮ ಟೈಲ್ಸ್ ಮ್ಯಾಲೆ ಕೂಸು ಉಚ್ಚಿ ಹೊಯ್ದ್ರ ಯಾರು ಒರಸಬೇಕು?" ಎಂದರು. ಅವ್ವ ಆ ಮಾತನ್ನು ಆಶೀರ್ವಾದದ ಹಾಗೆ ಸ್ವೀಕರಿಸಿ ಕಣ್ಣು ತುಂಬಿಕೊಂಡಳು. ನಾನು ಗೆದ್ದಿದ್ದೆ. ಅವರು ಕಾರು ಹತ್ತಿದ ಕೂಡಲೇ ಬಾಗಿಲು ಹಾಕಿಕೊಂಡು ನಗಬೇಕೆಂದಿದ್ದೆ; ಗಂಡನ ಮುಂದೆ ಮಾಡಿ ತೋರಿಸಲು ಗೊರಕೆಯ ಧಾಟಿಯನ್ನೂ ನೆನಪಿಟ್ಟುಕೊಂಡಿದ್ದೆ.

ಅತ್ತೆ ಕಾರಿನ ಬಾಗಿಲು ತೆರೆದವರು ತಿರುಗಿ ಬಂದರು. ಡ್ರೈವರಿಗೆ ಕೇಳಿಸದ ಹಾಗೆ ಅವ್ವನ ಕೈ ಹಿಡಿದರು.

"ನಾ ಮಕ್ಕೊಂಡಿದ್ದು ನಮ್ಮನ್ಯಾಗ ಯಾರ ಮುಂದೂ ಅನಬ್ಯಾಡ್ರಿ, ಬೀಗಿತ್ಯಾರ."

"ಇಲ್ರಿ ಯವ್ವಾ," ಎಂದಳು ಅವ್ವ.

ಕಾರು ಓಣಿ ದಾಟಿತು. ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಮನೆಯ ಯಜಮಾನಿ ಒಂದು ಮಧ್ಯಾಹ್ನ ಅಡ್ಡಾಗುವುದಕ್ಕೆ ನಮ್ಮ ಪತ್ರಾಸಿನ ಕೆಳಗೆ ಬರಬೇಕು, ಬಂದದ್ದನ್ನು ಕಳ್ಳತನದ ಹಾಗೆ ಮುಚ್ಚಿಡಬೇಕು. ಆ ಮನೆಯೆಂದರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ, ನನ್ನ ಸಲುವಾಗಿ. ಅವತ್ತಿನಿಂದ ಅವರ ಸಲುವಾಗಿಯೂ ಆಗದಾಯಿತು.