ಮಾರೆಪ್ಪನ ಗಟ್ಟಿಮೇಳ

ಕಂಪ್ಲಿಯ ಮೈಕ್‌ಸೆಟ್ ಮಾರೆಪ್ಪ ಎಪ್ಪತ್ತೊಂದರ ಯುದ್ಧಕ್ಕೆ ಸಿಪಾಯಿಯಾಗಿ ಹೋಗಿದ್ದಾಗ, ಅವನು ಸತ್ತನೆಂದು ಊರಗೌಡ ಸುಳ್ಳು ಹಬ್ಬಿಸಿದ. ಹೆಂಡತಿ ಹೊಳೆಮ್ಮನ ಬಳೆ ಒಡೆಸಿ, ಕಾಲುವೆ ಪಕ್ಕದ ಅವರ ಗದ್ದೆ ನುಂಗಿದ. ಮಾರೆಪ್ಪ ಮರಳುವಷ್ಟರಲ್ಲಿ ಅವಳು ಬಾವಿಗೆ ಹಾರಿದ್ದಳು.

ಅವನು ಅಳಲಿಲ್ಲ. ಎಷ್ಟೋ ವರ್ಷದ ಮೇಲೆ ಹಂಪಿಯಲ್ಲಿ, ತಾನೂ ಯುದ್ಧ ಕಂಡಿದ್ದ ಬಿಳಿಯನೊಬ್ಬ ರಾಕ್ ಹಾಡಿನ ಕ್ಯಾಸೆಟ್ ಕೊಟ್ಟ. ಮಾತು ತಿಳಿಯಲಿಲ್ಲ. ಆದರೆ ಗಿಟಾರಿನ ಚೀರಾಟದಲ್ಲಿ ಬೀಳುವ ಶೆಲ್ ಬಾಂಬೂ ಇತ್ತು, ಹೊಳೆಮ್ಮನೂ ಇದ್ದಳು. ಮಾರೆಪ್ಪ ಗಳಗಳ ಅತ್ತ.

ಗೌಡನ ಮಗಳ ಮದುವೆಗೆ ಮೈಕ್‌ಸೆಟ್ ಅವನದೇ. ತಾಳಿ ಕಟ್ಟುವಾಗ ಪುರೋಹಿತರು "ಗಟ್ಟಿಮೇಳ!" ಎಂದು ಕೂಗಿದರು. ಮೈಕಿನಿಂದ ವಾಲಗದ ಬದಲು ಆ ಕ್ಯಾಸೆಟ್ಟಿನ ಗಿಟಾರು ಚಪ್ಪರ ನಡುಗುವಂತೆ ಚೀರಿತು.

"ಬಂದ್ ಮಾಡಲೇ!" ಗೌಡ ಅಬ್ಬರಿಸಿದ.

ಮಾರೆಪ್ಪ ಮೈಕಿನಲ್ಲೇ ಹೇಳಿದ: "ನನ್ನ ಹೊಳೆಮ್ಮನ ಬಳೆ ಒಡಿಸಿದಾಗ ಆಕಿ ಅಳು ನಿಮಗ ಕೇಳಿಸಲಿಲ್ಲಲ್ರಿ ಗೌಡ್ರ, ಈಗ ಕೇಳ್ರಿ."